ಜೇಬಿನಿಂದ ಮಣಿಕಟ್ಟಿಗೆ ಬಂದ ಗಡಿಯಾರ: ದೋಷ ಹುಡುಕುವ ಕೈಪಿಡಿ

ಹಳೆಯ ಜೇಬುಗಡಿಯಾರದ ಒಳಗಿನ ಇಡೀ ಯಂತ್ರವನ್ನು, ಅಂದರೆ ಮೂವ್‌ಮೆಂಟನ್ನು ಹೊಸ ಕೇಸಿನಲ್ಲಿ ಕೂರಿಸಿ ಕೈಗೆ ಕಟ್ಟುವಂತೆ ಮಾಡಿದಾಗ ಕಾಣಿಸಿಕೊಳ್ಳುವ ತೊಂದರೆಗಳಲ್ಲಿ ಬಹುಪಾಲು ಆ ಮೂವ್‌ಮೆಂಟಿನವಲ್ಲ. ಅದರ ಸುತ್ತ ಹೊಸದಾಗಿ ಸೇರಿದ ಡಯಲ್, ಮುಳ್ಳು, ಸ್ಟೆಮ್ (ಕೀ ಕೊಡುವ ಗುಂಡಿ, ಅಂದರೆ ಕ್ರೌನ್, ಕೂರುವ ಕಡ್ಡಿ), ರಿಂಗ್ (ಯಂತ್ರವನ್ನು ಕೇಸಿನಲ್ಲಿ ಹಿಡಿದಿಡುವ ಬಳೆ), ಗಾಜು ಇವುಗಳವು. ಆದರೂ ಗಡಿಯಾರ ನಿಂತೊಡನೆ ಕೈ ಹೋಗುವುದು ಹಿಂದೆ ಮುಂದೆ ತೂಗುವ ಚಕ್ರವಾದ ಬ್ಯಾಲೆನ್ಸಿನ ಕಡೆಗೇ. ನೂರು ವರ್ಷ ಕೆಡದೆ ಉಳಿದ, ಬ್ಯಾಲೆನ್ಸನ್ನು ಮರಳಿ ಎಳೆಯುವ ಸುರುಳಿಯಾದ ಹೇರ್‌ಸ್ಪ್ರಿಂಗ್ ಸೊಟ್ಟಗಾಗುವುದು ಆಗಲೇ. ಹಾಗಾಗಿ ಮೊದಲ ನಿಯಮ: ದೋಷ ಯಾವ ಹಂತದಲ್ಲಿ ಹುಟ್ಟಿತು ಎಂದು ಗೊತ್ತಾಗುವವರೆಗೆ ಬ್ಯಾಲೆನ್ಸ್ ಕಾಕಿನ (ಬ್ಯಾಲೆನ್ಸನ್ನು ಮೇಲಿನಿಂದ ಹಿಡಿದಿರುವ ಸೇತುವೆಯ) ಸ್ಕ್ರೂ ಮುಟ್ಟಬೇಡಿ.

ಇಲ್ಲಿ ಮುಖ್ಯವಾಗಿ ಹೇಳುತ್ತಿರುವುದು ಗಂಟೆಗೆ 18,000 ಬಡಿತದ, ಪ್ಯಾಲೆಟ್ ಫೋರ್ಕ್ ಎಂಬ ಕವಲು ಕಡ್ಡಿಯಿಂದ ಬ್ಯಾಲೆನ್ಸನ್ನು ತಳ್ಳುವ ಲಿವರ್ ಮೂವ್‌ಮೆಂಟ್‌ಗಳ ಬಗ್ಗೆ: ಅಮೆರಿಕದ ವಾಲ್ತಮ್, ಎಲ್ಜಿನ್, ಹ್ಯಾಮಿಲ್ಟನ್ ಕಂಪನಿಗಳ 16 ಸೈಜ್ (43.18 ಮಿ.ಮೀ.) ಮತ್ತು 12 ಸೈಜ್ (39.8 ಮಿ.ಮೀ.), ಸ್ವಿಸ್ ಯೂನಿಟಾಸ್ 6497 ಮತ್ತು 6498 (36.6 ಮಿ.ಮೀ.), ರಷ್ಯಾದ ಚೆಲ್ಯಾಬಿನ್ಸ್ಕ್‌ನಲ್ಲಿ ತಯಾರಾದ ಮೊಲ್ನಿಯಾ 3602 (36 ಮಿ.ಮೀ.). ಪ್ರತ್ಯೇಕ ಕೀಲಿಯಿಂದ ತಿರುಗಿಸುವ, ಸರಪಳಿ ಸುತ್ತುವ ಶಂಕುವಿನಾಕಾರದ ಫ್ಯೂಜಿ ಇರುವ ಇಂಗ್ಲಿಷ್ ಗಡಿಯಾರಗಳನ್ನು ಈ ಕೆಲಸಕ್ಕೆ ತೆಗೆದುಕೊಳ್ಳಲೇಬಾರದು. ಹಾಗೆಯೇ ತನ್ನ ಮೂಲ ಕೇಸಿನಲ್ಲೇ ಉಳಿದಿರುವ ಗಡಿಯಾರವನ್ನು ಬಿಚ್ಚಬೇಡಿ. 1980ರ ಜನವರಿಯಲ್ಲಿ ಚಿನ್ನದ ಬೆಲೆ ಔನ್ಸಿಗೆ 850 ಡಾಲರ್ ತಲುಪಿದ ಕಾಲದಲ್ಲಿ ಎಷ್ಟೋ ಚಿನ್ನದ ಕೇಸುಗಳು ಕುಲುಮೆಗೆ ಹೋದವು, ಒಳಗಿನ ಮೂವ್‌ಮೆಂಟುಗಳು ಅನಾಥವಾಗಿ ಉಳಿದವು. ಕೈಗಡಿಯಾರ ಮಾಡಲು ಅಂಥವು ಸಾಕು.

ಆರು ಹಂತದ ಪರೀಕ್ಷೆ

ಸರ್ವಿಸ್ ಆದ ಮೂವ್‌ಮೆಂಟಿಗೆ ಪೂರ್ತಿ ಕೀ ಕೊಟ್ಟು, ಬಡಿತ ಕೇಳಿ ಓಟ ಅಳೆಯುವ ಯಂತ್ರವಾದ ಟೈಮ್‌ಗ್ರಾಫರ್ ಮೇಲಿಟ್ಟು, ಬ್ಯಾಲೆನ್ಸ್ ಎಷ್ಟು ಡಿಗ್ರಿ ತೂಗುತ್ತಿದೆ (ಆಂಪ್ಲಿಟ್ಯೂಡ್) ಎಂದು ಬರೆದುಕೊಳ್ಳಿ. ಆಮೇಲೆ ಒಂದೊಂದನ್ನೇ ಸೇರಿಸುತ್ತ ಹೋಗಿ: ಬರಿಯ ಮೂವ್‌ಮೆಂಟ್, ಡಯಲ್ ಮತ್ತು ಗಂಟೆ ಚಕ್ರ ಹಾಕಿದ ಮೇಲೆ, ಮುಳ್ಳುಗಳನ್ನು ಹಾಕಿದ ಮೇಲೆ, ಕೇಸಿನಲ್ಲಿ ಕೂರಿಸಿ ಸ್ಕ್ರೂ ಬಿಗಿದ ಮೇಲೆ, ಗಾಜು ಮತ್ತು ಹಿಂದಿನ ಮುಚ್ಚಳ ಹಾಕಿದ ಮೇಲೆ, ಕೊನೆಗೆ ಕೈಗೆ ಕಟ್ಟಿ ಒಂದು ದಿನ ಕಳೆದ ಮೇಲೆ. ಮೊದಲ ಐದು ಹಂತಗಳಲ್ಲೂ ಡಯಲ್ ಮೇಲ್ಮುಖವಾಗಿಯೇ ಇಟ್ಟು ಅಳೆಯಿರಿ. ಒಂದು ಹಂತದಿಂದ ಮುಂದಿನದಕ್ಕೆ 10-15 ಡಿಗ್ರಿಗಿಂತ ಹೆಚ್ಚು ಇಳಿದರೆ ಕಳ್ಳ ಇರುವುದು ಆಗಷ್ಟೇ ಸೇರಿಸಿದ ಭಾಗದಲ್ಲಿ.

ಚೆನ್ನಾಗಿ ಸರ್ವಿಸ್ ಆದದ್ದು ಡಯಲ್ ಮೇಲಾಗಿ 270ರಿಂದ 300 ಡಿಗ್ರಿ ತೂಗಬೇಕು. ನೂರು ವರ್ಷದ ಮೂವ್‌ಮೆಂಟ್ 240 ಕೊಟ್ಟರೂ ಒಪ್ಪಬಹುದು. ನಿಲ್ಲಿಸಿ ಹಿಡಿದಾಗ 20ರಿಂದ 40 ಡಿಗ್ರಿ ಕಡಿಮೆಯಾಗುವುದು ಸಹಜ. 200ಕ್ಕಿಂತ ಕೆಳಗಿದ್ದರೆ ಕೇಸಿನ ಮಾತೇ ಬೇಡ, ಮೂವ್‌ಮೆಂಟೇ ಮತ್ತೆ ಬಿಚ್ಚಬೇಕು.

ಟೈಮ್‌ಗ್ರಾಫರಿನಲ್ಲಿ ಲಿಫ್ಟ್ ಆಂಗಲ್ (ಪ್ರತಿ ಬಡಿತದಲ್ಲಿ ಫೋರ್ಕಿಗೆ ತಾಗಿಕೊಂಡು ಬ್ಯಾಲೆನ್ಸ್ ತಿರುಗುವ ಕೋನ) ಸರಿಯಾಗಿ ಹಾಕಿ. ಯಂತ್ರ ತಾನಾಗಿ 52 ಎಂದು ಹಿಡಿದುಕೊಂಡಿರುತ್ತದೆ, ಯೂನಿಟಾಸ್ 6497ಕ್ಕೆ ಬೇಕಾದದ್ದು 44. ಬದಲಿಸದಿದ್ದರೆ 250 ಡಿಗ್ರಿ ತೂಗುತ್ತಿರುವುದು ತೆರೆಯ ಮೇಲೆ ಸುಮಾರು 295 ಎಂದು ಕಾಣುತ್ತದೆ, ಸೊರಗಿದ ಮೂವ್‌ಮೆಂಟನ್ನು ಗಟ್ಟಿಮುಟ್ಟು ಎಂದು ನಂಬಿ ಕೇಸಿಗೆ ಹಾಕುತ್ತೀರಿ.

ಕೀ ಕೊಡಲು ಹೋದರೆ ಮುಳ್ಳೇ ತಿರುಗುತ್ತದೆ

ಅಮೆರಿಕದ ಮೂವ್‌ಮೆಂಟಿನಲ್ಲಿ ಹೀಗಾದರೆ ಏನೂ ಮುರಿದಿಲ್ಲ. ಅವುಗಳಲ್ಲಿ ಬಹಳಷ್ಟು ನೆಗೆಟಿವ್ ಸೆಟ್ ಬಗೆಯವು. ಸ್ವಿಸ್ ಗಡಿಯಾರದಲ್ಲಿ ಸ್ಟೆಮ್ ಮೂವ್‌ಮೆಂಟಿಗೇ ಸೇರಿದ್ದು, ಒಳಗಿನ ಸೆಟ್ಟಿಂಗ್ ಲಿವರ್ ಅದನ್ನು ಹಿಡಿದಿರುತ್ತದೆ. ನೆಗೆಟಿವ್ ಸೆಟ್‌ನಲ್ಲಿ ಸ್ಟೆಮ್ ಇರುವುದು ಕೇಸಿನಲ್ಲಿ. ಮೂವ್‌ಮೆಂಟ್ ತನ್ನೊಳಗಿನ ಸ್ಪ್ರಿಂಗಿನ ಬಲದಿಂದ ಯಾವಾಗಲೂ ಮುಳ್ಳು ತಿರುಗಿಸುವ ಸ್ಥಿತಿಗೇ ಹೋಗಲು ನೋಡುತ್ತದೆ. ಸ್ಟೆಮ್ಮಿನ ಚೌಕ ತುದಿ ಒಳಗೆ ಒತ್ತಿ ಹಿಡಿದಾಗ ಮಾತ್ರ ಕೀ ಕೊಡುವ ಸ್ಥಿತಿಗೆ ಬರುತ್ತದೆ. ಆ ಒತ್ತಡವನ್ನು ಕಾಯುವುದು ಕೇಸಿನ ಕೊಳವೆಯೊಳಗೆ ತಿರುಪಿನ ಹಾಗೆ ಕೂರುವ, ನಾಲ್ಕು ಸೀಳು ಬೆರಳುಗಳ ಪುಟ್ಟ ಸ್ಲೀವ್.

ಪರೀಕ್ಷೆ ಸುಲಭ. ಸ್ಟೆಮ್ ತೂತಿಗೆ ಸರಿಹೊಂದುವ ಚೌಕ ಕಡ್ಡಿಯನ್ನು ಒಳಗೆ ಒತ್ತಿ ಹಿಡಿದು ತಿರುಗಿಸಿ. ಮೇನ್‌ಸ್ಪ್ರಿಂಗ್ ಸುತ್ತಿಕೊಂಡರೆ ಮೂವ್‌ಮೆಂಟ್ ಸರಿಯಿದೆ, ಸ್ಲೀವ್ ಹೊಂದಿಸುವುದಷ್ಟೇ ಬಾಕಿ. ಕ್ರೌನ್ ಒತ್ತಿದರೂ ಕೀ ತೆಗೆದುಕೊಳ್ಳದಿದ್ದರೆ ಸ್ಲೀವ್ ತೀರಾ ಹೊರಗಿದೆ, ಅರ್ಧ ಸುತ್ತು ಒಳಗೆ ತಿರುಗಿಸಿ ಮತ್ತೆ ನೋಡಿ. ಕ್ರೌನ್ ಎಳೆದರೂ ಮುಳ್ಳು ತಿರುಗದಿದ್ದರೆ ಸ್ಲೀವ್ ತೀರಾ ಒಳಗಿದೆ, ಹೊರಗೆ ತನ್ನಿ. ಸಾಮಾನ್ಯ ಕೈಗಡಿಯಾರದ ಕೇಸಿನಲ್ಲಿ ಈ ಸ್ಲೀವಿಗೆ ಜಾಗವೇ ಇರುವುದಿಲ್ಲ. ನೆಗೆಟಿವ್ ಸೆಟ್ ಮೂವ್‌ಮೆಂಟಿಗೆ ಕೇಸ್ ಮಾಡಿಸುವಾಗ ಉದ್ದ ಕೊಳವೆಯನ್ನು ಮೊದಲೇ ಕೇಳಿ ಮಾಡಿಸಿಕೊಳ್ಳಿ.

ಇದರ ಜೊತೆಗೇ ಬರುವ ಇನ್ನೊಂದು ಗೊಂದಲ: ಇಂಥ ಮೂವ್‌ಮೆಂಟನ್ನು ಕೇಸಿನಿಂದ ಹೊರಗೆ ಇಟ್ಟಾಗ ಅದು ಮುಳ್ಳು ತಿರುಗಿಸುವ ಚಕ್ರಗಳನ್ನೂ ಎಳೆದುಕೊಂಡು ಓಡಬೇಕು. ಬಡಿತ ಸೊರಗುತ್ತದೆ, ಕೆಲವೊಮ್ಮೆ ನಿಂತೇ ಬಿಡುತ್ತದೆ. ಮೊದಲ ಹಂತದ ಅಳತೆ ತೆಗೆಯುವಾಗ ಚೌಕ ಕಡ್ಡಿ ಒತ್ತಿಟ್ಟು ಅಳೆಯದಿದ್ದರೆ ಸರಿಯಿರುವ ಮೂವ್‌ಮೆಂಟಿನಲ್ಲಿ ಇಲ್ಲದ ರೋಗ ಹುಡುಕುತ್ತ ಕೂರಬೇಕಾಗುತ್ತದೆ.

ಡಯಲ್ ಅಂಚಿನಲ್ಲಿ ಪುಟ್ಟ ಕಡ್ಡಿ ಎಳೆದು ಮುಳ್ಳು ತಿರುಗಿಸುವ ಲಿವರ್ ಸೆಟ್ ಮೂವ್‌ಮೆಂಟುಗಳಲ್ಲಿ ಒಂದೇ ಎಚ್ಚರ: ಹೊಸ ಕೇಸಿನ ರಿಂಗ್ ಆ ಕಡ್ಡಿಯನ್ನು ಅರ್ಧಕ್ಕೆ ತಡೆದು ನಿಲ್ಲಿಸಬಾರದು. ರಿಂಗಿನಲ್ಲಿ ಅದಕ್ಕೊಂದು ಕಚ್ಚು ಕೊರೆಸಿ.

ಕ್ರೌನ್ ಬಿಗಿ, ಸ್ಟೆಮ್ ತುಂಡು

ಕೊಳವೆಯ ನಡುವೂ ಮೂವ್‌ಮೆಂಟಿನ ಸ್ಟೆಮ್ ತೂತಿನ ನಡುವೂ ಒಂದೇ ಎತ್ತರದಲ್ಲಿಲ್ಲ ಎಂದರ್ಥ. ಕ್ರೌನ್ ಕಳಚಿ, ಬರಿಯ ಸ್ಟೆಮ್ ಹಾಕಿ, ಲೂಪ್ (ಪುಟ್ಟ ಭೂತಗನ್ನಡಿ) ಕಣ್ಣಿಗಿಟ್ಟು ನೇರವಾಗಿ ನೋಡಿ. ಕೊಳವೆಯ ಒಳಗೆ ಸ್ಟೆಮ್ ಸುತ್ತ ಗಾಳಿ ಎಲ್ಲ ಕಡೆ ಸಮನಾಗಿ ಕಾಣಬೇಕು. ಒಂದು ಕಡೆ ಒರೆಯುತ್ತಿದ್ದರೆ ರಿಂಗಿನ ದಪ್ಪ ಬದಲಿಸಿ, ಸ್ಟೆಮ್ ಬಗ್ಗಿಸಿ ಹೊಂದಿಸಲು ಹೋಗಬೇಡಿ. ಮುಳ್ಳು ತಿರುಗಿಸುವಾಗ ಮೂವ್‌ಮೆಂಟೇ ಕೇಸಿನೊಳಗೆ ಕೂದಲೆಳೆಯಷ್ಟು ಹೊರಳುತ್ತಿದ್ದರೂ ಕೆಲವೇ ತಿಂಗಳಲ್ಲಿ ಸ್ಟೆಮ್ ಮುರಿಯುತ್ತದೆ. ರಿಂಗಿಗೂ ಮೂವ್‌ಮೆಂಟಿಗೂ ನಡುವೆ 0.05ರಿಂದ 0.1 ಮಿ.ಮೀ. ಸಾಕು. ಉಳಿದದ್ದನ್ನು ಕೇಸ್ ಸ್ಕ್ರೂ ಹಿಡಿಯಬೇಕು.

ಸ್ವಿಸ್ ಬಗೆಯಲ್ಲಿ ಸ್ಟೆಮ್ಮಿನ ಉದ್ದವೂ ಇದೇ ರೋಗಕ್ಕೆ ಕಾರಣ. ಗಿಡ್ಡವಾದರೆ ಕ್ರೌನ್ ಕೇಸಿಗೆ ತಾಗಿ ನಿಂತುಬಿಡುತ್ತದೆ, ಒಳಗಿನ ಲಿವರ್ ಕೀ ಕೊಡುವ ಸ್ಥಾನಕ್ಕೆ ಬರುವುದೇ ಇಲ್ಲ. ಉದ್ದವಾದರೆ ಕ್ರೌನ್ ಕೇಸಿನಿಂದ ದೂರ ನಿಂತು ಧೂಳಿಗೆ ದಾರಿ. ಒಮ್ಮೆಗೆ 0.2 ಮಿ.ಮೀ.ಗಿಂತ ಹೆಚ್ಚು ಕತ್ತರಿಸಬೇಡಿ.

ದಿನವೂ ಅದೇ ಹೊತ್ತಿಗೆ ನಿಲ್ಲುತ್ತದೆ

ನಿಂತ ಗಡಿಯಾರವನ್ನು ಅಲುಗಿಸುವ ಮೊದಲು ಮೂರು ಮುಳ್ಳೂ ಎಲ್ಲಿವೆ ಎಂದು ಫೋಟೊ ತೆಗೆದುಕೊಳ್ಳಿ. ಮೂರು ಸಲ ನಿಂತ ಮೂರು ಫೋಟೊ ಇದ್ದರೆ ಅರ್ಧ ಕೆಲಸ ಮುಗಿದಂತೆ.

3:16, 4:22, 5:27, 7:38 ಇಂಥ ಹೊತ್ತುಗಳಲ್ಲಿ ನಿಂತರೆ ಗಂಟೆ ಮುಳ್ಳಿನ ಮೇಲೆ ನಿಮಿಷದ ಮುಳ್ಳು ಹಾದುಹೋಗುವಾಗ ಒಂದಕ್ಕೊಂದು ತಾಗುತ್ತಿದೆ. ಎರಡೂ ಒಂದರ ಮೇಲೊಂದು ಬರುವುದು ಸುಮಾರು 65 ನಿಮಿಷಕ್ಕೊಮ್ಮೆ. ಐದರಿಂದ ಏಳು ಗಂಟೆಯೊಳಗೆ ಮಾತ್ರ ನಿಂತರೆ ಕಾರಣ ಬೇರೆ: 6ರ ಜಾಗದ ಪುಟ್ಟ ಸೆಕೆಂಡು ಮುಳ್ಳಿಗೆ ಗಂಟೆ ಮುಳ್ಳಿನ ಹೊಟ್ಟೆ ತಾಗುತ್ತಿದೆ. ಕ್ರೌನ್ 3ರ ಕಡೆ ಬರುವಂತೆ ತಿರುಗಿಸಿದ 6497 ಅಥವಾ ಮೊಲ್ನಿಯಾದಲ್ಲಿ ಸೆಕೆಂಡು 9ರ ಜಾಗಕ್ಕೆ ಹೋಗಿರುತ್ತದೆ, ಅಲ್ಲಿ ಇದೇ ದೋಷ ಎಂಟರಿಂದ ಹತ್ತರೊಳಗೆ ಕಾಣುತ್ತದೆ. ಪ್ರತಿ ಗಂಟೆಯೂ ಒಂದೇ ನಿಮಿಷಕ್ಕೆ ತಡವರಿಸಿದರೆ ನಿಮಿಷದ ಮುಳ್ಳು ಗಾಜಿಗೆ ಒರೆಯುತ್ತಿದೆ, ಇಲ್ಲವೇ ಸೆಂಟರ್ ಚಕ್ರದ ಹಲ್ಲಿನಲ್ಲಿ ಕಸ ಇದೆ. ಗಂಟೆ, ನಿಮಿಷ ಯಾವುದೇ ಆದರೂ ಸೆಕೆಂಡು ಮುಳ್ಳು ಮಾತ್ರ ಸದಾ ಒಂದೇ ಕಡೆ ನಿಂತರೆ ನಾಲ್ಕನೇ ಚಕ್ರ ನೋಡಿ. ನಿಮಿಷಕ್ಕೊಂದು ಸುತ್ತು ಹೊಡೆಯುವುದು ಅದೇ.

ಮುಳ್ಳುಗಳ ಎತ್ತರ ನೋಡುವಾಗ ಡಯಲನ್ನು ಕಣ್ಣಿನ ಮಟ್ಟಕ್ಕೆ ತಂದು, ಹಿಂದೆ ಬಿಳಿ ಕಾಗದ ಹಿಡಿದು, ಪಕ್ಕದಿಂದ ನೋಡಿ. ಡಯಲ್, ಸೆಕೆಂಡು ಮುಳ್ಳು, ಗಂಟೆ ಮುಳ್ಳು, ನಿಮಿಷದ ಮುಳ್ಳು ಇವುಗಳ ನಡುವೆ ಮೂರು ಬಿಳಿ ಗೆರೆ ಕಾಣಬೇಕು. ಯಾವ ಗೆರೆ ತುದಿಗೆ ಹೋಗುತ್ತ ತೆಳುವಾಗುತ್ತದೋ ಆ ಮುಳ್ಳು ಇಳಿಬಿದ್ದಿದೆ. ಚಿಮುಟದಿಂದ ಬುಡದ ಹತ್ತಿರ ಹಿಡಿದು ಎತ್ತಿ, ತುದಿಯಿಂದಲ್ಲ. ನೀಲಿ ಉಕ್ಕಿನ ಮುಳ್ಳು ಗಡುಸು, ತುದಿ ಬಗ್ಗಿಸಿದರೆ ಮುರಿಯುತ್ತದೆ.

ಗಾಜಿನ ಅಂತರ ಅಳೆಯಲು ಅಕ್ಕಿಕಾಳಿನ ಕಾಲುಭಾಗದಷ್ಟು ಕ್ಲೀನಿಂಗ್ ಪುಟ್ಟಿಯನ್ನು ಕ್ಯಾನನ್ ಪಿನಿಯನ್ (ನಿಮಿಷದ ಮುಳ್ಳು ಕೂರುವ ಕೊಳವೆ) ತುದಿಯ ಮೇಲಿಟ್ಟು ಬೆಜೆಲ್ (ಗಾಜು ಕೂರುವ ಬಳೆ) ಮುಚ್ಚಿ, ತೆಗೆಯಿರಿ. ಚಪ್ಪಟೆಯಾದ ಪುಟ್ಟಿಯ ದಪ್ಪವೇ ಉಳಿದಿರುವ ಅಂತರ. 0.3 ಮಿ.ಮೀ.ಗಿಂತ ಕಡಿಮೆ ಇದ್ದರೆ ಉಬ್ಬಿದ ಗಾಜು ಹಾಕಿಸಬೇಕು. ಚಪ್ಪಟೆ ಗಾಜು ನೋಡಲು ಅಂದ, ಆದರೆ ಜೇಬುಗಡಿಯಾರದ ಕ್ಯಾನನ್ ಪಿನಿಯನ್ ಎತ್ತರದ್ದು, ದಪ್ಪ ಎನಾಮೆಲ್ ಡಯಲಿಗೆಂದೇ ಮಾಡಿದ್ದು.

ಆ ದಪ್ಪದಿಂದಲೇ ಇನ್ನೊಂದು ದೋಷವೂ ಹುಟ್ಟುತ್ತದೆ: ನಿಮಿಷದ ಮುಳ್ಳು ಸರಿ, ಗಂಟೆ ಮುಳ್ಳು ಮಾತ್ರ ಹಿಂದೆ ಬೀಳುತ್ತದೆ. ಎನಾಮೆಲ್ ಡಯಲ್ ತೆಗೆದು 0.4 ಮಿ.ಮೀ.ನ ಲೋಹದ ಡಯಲ್ ಹಾಕಿದಾಗ ಗಂಟೆ ಚಕ್ರದ ಮೇಲೆ ಖಾಲಿ ಜಾಗ ಹೆಚ್ಚಾಗಿ, ಚಕ್ರ ಮೇಲೆದ್ದು ಹಲ್ಲು ತಪ್ಪಿಸಿಕೊಳ್ಳುತ್ತದೆ. ಡಯಲ್ ಕೆಳಗೆ ರಿಂಗು ಇಟ್ಟಿದ್ದರಂತೂ ಖಂಡಿತ ಹೀಗಾಗುತ್ತದೆ. ಚಕ್ರದ ಮೇಲೆ ಬಾಗಿದ ಹಿತ್ತಾಳೆಯ ಡಯಲ್ ವಾಷರ್ ಹಾಕಿ. ಹಾಕಿದ ಮೇಲೂ ಚಕ್ರ ಚೂರೇ ಚೂರು ಮೇಲೆ ಕೆಳಗೆ ಆಡಬೇಕು. ಪೂರ್ತಿ ಒತ್ತಿಕೊಂಡರೆ ಎರಡನೇ ಹಂತದಲ್ಲೇ ಆಂಪ್ಲಿಟ್ಯೂಡ್ ಬೀಳುವುದು ಕಾಣಿಸುತ್ತದೆ.

ಮುಚ್ಚಳ ಹಾಕಿದರೆ ನಿಲ್ಲುತ್ತದೆ

ಗಾಜಿನ ಹಿಂಬದಿ ಇರುವ ಕೇಸುಗಳಲ್ಲಿ ಸಾಮಾನ್ಯ. ಬ್ಯಾಲೆನ್ಸ್ ಕಾಕ್, ರೆಗ್ಯುಲೇಟರಿನ (ಓಟದ ವೇಗ ಹೆಚ್ಚುಕಡಿಮೆ ಮಾಡುವ ಕಡ್ಡಿಯ) ಬಾಲ, ರ‍್ಯಾಚೆಟ್ ಚಕ್ರದ ಸ್ಕ್ರೂ ಈ ಮೂರರಲ್ಲಿ ಒಂದು ತಾಗುತ್ತಿರುತ್ತದೆ. ಅವುಗಳ ತಲೆಗೆ ಮಾರ್ಕರ್ ಶಾಯಿ ಒಂದು ಚುಕ್ಕೆ ಹಚ್ಚಿ ಒಣಗುವ ಮೊದಲೇ ಮುಚ್ಚಿ ತೆಗೆಯಿರಿ, ಗಾಜಿನ ಮೇಲೆ ಗುರುತು ಸಿಗುತ್ತದೆ. ಕಾಕ್ ಒತ್ತಿಕೊಂಡರೆ ಬ್ಯಾಲೆನ್ಸಿನ ಆಟವೇ ಇಲ್ಲವಾಗುತ್ತದೆ. ಬಲವಂತವಾಗಿ ಮುಚ್ಚಿದರೆ ಪಿವಟ್ (ಅಕ್ಷದ ಸೂಜಿಯಂಥ ತುದಿ) ಹೋಗುತ್ತದೆ.

ಮೇಜಿನ ಮೇಲೆ ಸರಿ, ಕೈಯಲ್ಲಿ ತಪ್ಪು

ಇದೇ ಎಲ್ಲಕ್ಕಿಂತ ಹೆಚ್ಚು ತಲೆ ತಿನ್ನುವುದು, ಕಾರಣ ಇರುವುದು ಗಡಿಯಾರ ಹುಟ್ಟಿದ ಭಂಗಿಯಲ್ಲಿ. ಜೇಬುಗಡಿಯಾರ ಹಗಲೆಲ್ಲ ಕ್ರೌನ್ ಮೇಲಾಗಿ ನೇತಾಡುತ್ತದೆ, ರಾತ್ರಿ ಮಲಗುತ್ತದೆ. 1891ರ ಏಪ್ರಿಲ್‌ನಲ್ಲಿ ಅಮೆರಿಕದ ಒಹಾಯೊದ ಕಿಪ್ಟನ್ ಬಳಿ ರೈಲುಗಳು ಡಿಕ್ಕಿಯಾದ ಮೇಲೆ ಗಡಿಯಾರ ವ್ಯಾಪಾರಿ ವೆಬ್ ಸಿ. ಬಾಲ್ ಅವರ ಕೈಯಲ್ಲಿ ರೂಪುಗೊಂಡ ರೈಲ್ವೆ ಗಡಿಯಾರದ ಕಟ್ಟಳೆಗಳು ವಾರಕ್ಕೆ 30 ಸೆಕೆಂಡಿಗಿಂತ ಹೆಚ್ಚು ತಪ್ಪಬಾರದು, ಐದು ಭಂಗಿಯಲ್ಲಿ ಹೊಂದಿಸಿರಬೇಕು ಎಂದವು. ಆ ಐದು: ಡಯಲ್ ಮೇಲೆ, ಡಯಲ್ ಕೆಳಗೆ, ಕ್ರೌನ್ ಮೇಲೆ, ಕ್ರೌನ್ ಎಡಕ್ಕೆ, ಕ್ರೌನ್ ಬಲಕ್ಕೆ. ಕ್ರೌನ್ ಕೆಳಗೆ ಎಂಬ ಆರನೆಯದನ್ನು ಬಿಟ್ಟರು, ಜೇಬಿನಲ್ಲಿ ಗಡಿಯಾರ ತಲೆಕೆಳಗಾಗುವುದಿಲ್ಲ. ಈಗ ಎಡಗೈಗೆ, ಕ್ರೌನ್ 3ರ ಕಡೆ ಇರುವಂತೆ ಕಟ್ಟಿಕೊಂಡು ಕೈ ಇಳಿಬಿಟ್ಟು ನಡೆಯಿರಿ. ಕ್ರೌನ್ ನೆಲ ನೋಡುತ್ತದೆ. ಹೊಂದಿಸದೆ ಬಿಟ್ಟ ಆ ಒಂದು ಭಂಗಿಯಲ್ಲೇ ಗಡಿಯಾರ ದಿನದ ಸಾಕಷ್ಟು ಹೊತ್ತು ಕಳೆಯುತ್ತದೆ.

ಆರೂ ಭಂಗಿಗಳಲ್ಲಿ ಅಳೆಯಿರಿ. ಪ್ರತಿ ಸಲ ತಿರುಗಿಸಿದ ಮೇಲೆ ಅರ್ಧ ನಿಮಿಷ ಬಿಟ್ಟು, ಆಮೇಲೆ ಒಂದು ನಿಮಿಷದ ಓಟ ಬರೆದುಕೊಳ್ಳಿ. ಪೂರ್ತಿ ಕೀ ಕೊಟ್ಟಾಗ ಒಮ್ಮೆ, 24 ಗಂಟೆಯ ನಂತರ ಒಮ್ಮೆ. ಆರರಲ್ಲಿ ಅತಿ ಮುಂದಿನದಕ್ಕೂ ಅತಿ ಹಿಂದಿನದಕ್ಕೂ ದಿನಕ್ಕೆ 40 ಸೆಕೆಂಡಿನೊಳಗೆ ವ್ಯತ್ಯಾಸ ಇದ್ದರೆ ಮುಟ್ಟಬೇಡಿ, ರೆಗ್ಯುಲೇಟರಿನಲ್ಲೇ ಸರಿದೂಗುತ್ತದೆ. ನಿಲ್ಲಿಸಿದ ಭಂಗಿಗಳಲ್ಲಿ ಒಂದು ಮಾತ್ರ ಬಹಳ ದೂರ ಹೋಗಿದ್ದರೆ ಬ್ಯಾಲೆನ್ಸಿನ ಒಂದು ಬದಿ ಭಾರವಾಗಿದೆ. ಭಾರದ ಬದಿ ಹುಡುಕಲು ಕೀ ಸ್ವಲ್ಪವೇ ಕೊಟ್ಟು, ಆಂಪ್ಲಿಟ್ಯೂಡ್ 150-180 ಡಿಗ್ರಿಯಲ್ಲಿ ಇರುವಂತೆ ನೋಡಿಕೊಳ್ಳಿ. ಯಾವ ಭಂಗಿಯಲ್ಲಿ ಅತಿ ಮುಂದೆ ಓಡುತ್ತದೋ ಆ ಭಂಗಿಯಲ್ಲಿ, ಬ್ಯಾಲೆನ್ಸ್ ಸುಮ್ಮನೆ ನಿಂತಾಗ ಕೆಳಗೆ ಬರುವ ಬದಿಯೇ ಭಾರದ್ದು. 220 ಡಿಗ್ರಿಯ ಸುತ್ತಮುತ್ತ ಈ ವ್ಯತ್ಯಾಸ ಮಾಯವಾಗುತ್ತದೆ, ಅದನ್ನು ದಾಟಿದರೆ ಉಲ್ಟಾ ಆಗುತ್ತದೆ. ಆದ್ದರಿಂದ ಪೂರ್ತಿ ಕೀ ಕೊಟ್ಟು ಹುಡುಕಿದರೆ ತಪ್ಪು ಬದಿಗೆ ಕೈ ಹಾಕುತ್ತೀರಿ. ಹಳೆಯ ಸ್ಕ್ರೂ ಬ್ಯಾಲೆನ್ಸಿನಿಂದ ಲೋಹ ಕೆರೆದು ತೆಗೆಯುವುದಕ್ಕಿಂತ ಎದುರು ಬದಿಯ ಸ್ಕ್ರೂ ಕೆಳಗೆ ಟೈಮಿಂಗ್ ವಾಷರ್ ಇಡುವುದು ಮೇಲು. ಬೇಡವಾದರೆ ತೆಗೆಯಬಹುದು.

ಬ್ಯಾಲೆನ್ಸ್ ಮುಟ್ಟದೆಯೂ ದಾರಿಗಳಿವೆ. ಅದೇ ಗಡಿಯಾರವನ್ನು ಬಲಗೈಗೆ ಕಟ್ಟಿದರೆ ಕೈ ಇಳಿಬಿಟ್ಟಾಗ ಕ್ರೌನ್ ಮೇಲೆ ಬರುತ್ತದೆ, ಅಂದರೆ ಹಳೆಯ ಜೇಬಿನ ಭಂಗಿ. ಕ್ರೌನ್ 9ರ ಕಡೆ ಬರುವಂತೆ ಕೇಸ್ ಮಾಡಿಸಿ ಎಡಗೈಗೆ ಕಟ್ಟಿದರೂ ಅದೇ ಫಲ. ಮುಂದೆ ಮುಚ್ಚಳವಿಲ್ಲದ ಕೇಸಿಗೆಂದು ಮಾಡಿದ, ಕ್ರೌನ್ 12ರ ಕಡೆ ಇರುವ ಲೆಪೀನ್ ಮೂವ್‌ಮೆಂಟಿನ ಮೂಲ ಎನಾಮೆಲ್ ಡಯಲ್ ಉಳಿಸಿಕೊಳ್ಳಬೇಕೆಂದರೆ ಕ್ರೌನನ್ನು 12ರಲ್ಲೇ ಬಿಡಿ. ಆಗ ಇಳಿಬಿಟ್ಟ ಕೈಯಲ್ಲಿ ಕ್ರೌನ್ ಅಡ್ಡಕ್ಕೆ ನಿಲ್ಲುತ್ತದೆ, ಅದು ಹೊಂದಿಸಿದ ಭಂಗಿ.

ಇದ್ದಕ್ಕಿದ್ದಂತೆ ಮುಂದೆ ಓಡುತ್ತದೆ

ದಿನಕ್ಕೆ ಹಲವು ನಿಮಿಷ ಮುಂದೆ ಹೋದರೆ ಮೊದಲು ಸಣ್ಣ ದಿಕ್ಸೂಚಿಯನ್ನು ಬ್ಯಾಲೆನ್ಸಿನ ಮೇಲೆ ಹಿಡಿಯಿರಿ. ಸೂಜಿ ಬಡಿತಕ್ಕೆ ತಕ್ಕಂತೆ ನಡುಗಿದರೆ ಅಯಸ್ಕಾಂತ ಹಿಡಿದಿದೆ. ನೀಲಿ ಉಕ್ಕಿನ ಹೇರ್‌ಸ್ಪ್ರಿಂಗಿಗೆ ಫೋನಿನ ಸ್ಪೀಕರ್, ಲ್ಯಾಪ್‌ಟಾಪ್ ಮುಚ್ಚಳ, ಬ್ಯಾಗಿನ ಗುಂಡಿ ಎಲ್ಲವೂ ಶತ್ರು. ಡಿಮ್ಯಾಗ್ನೆಟೈಸರಿನ ಗುಂಡಿ ಒತ್ತಿ ಹಿಡಿದೇ ಗಡಿಯಾರವನ್ನು ನಿಧಾನವಾಗಿ ಅರ್ಧ ಮೀಟರ್ ದೂರ ತನ್ನಿ, ಆಮೇಲೆ ಗುಂಡಿ ಬಿಡಿ. ಹತ್ತಿರವೇ ಬಿಟ್ಟರೆ ಮತ್ತೆ ಹಿಡಿಯುತ್ತದೆ.

ದಿಕ್ಸೂಚಿ ಸುಮ್ಮನಿದ್ದರೆ, ಪೆಟ್ಟು ಬಿದ್ದು ಹೇರ್‌ಸ್ಪ್ರಿಂಗಿನ ಎರಡು ಸುತ್ತು ರೆಗ್ಯುಲೇಟರ್ ಪಿನ್ನುಗಳ ನಡುವೆ ಒಟ್ಟಿಗೆ ಸಿಕ್ಕಿಕೊಂಡಿರಬಹುದು, ಇಲ್ಲವೇ ಎಣ್ಣೆ ತಾಗಿ ಸುತ್ತುಗಳು ಅಂಟಿರಬಹುದು. ಹೊಲಿಗೆ ಯಂತ್ರದ ಎಣ್ಣೆ ಬಿಟ್ಟ ಮೂವ್‌ಮೆಂಟುಗಳಲ್ಲಿ ಇದು ತೀರಾ ಸಾಮಾನ್ಯ, ಏಕೆಂದರೆ ಆ ಎಣ್ಣೆ ಇಟ್ಟ ಜಾಗದಲ್ಲಿ ನಿಲ್ಲದೆ ಹರಡುತ್ತದೆ. ಗಡಿಯಾರದ ಮೋಬಿಯಸ್ ಎಣ್ಣೆಗಳಲ್ಲಿ ಬ್ಯಾಲೆನ್ಸ್ ಪಿವಟಿಗೆ 9010, ಪ್ಯಾಲೆಟ್ ಕಲ್ಲಿಗೆ 9415, ನಿಧಾನದ ಚಕ್ರಗಳಿಗೆ ಡಿ5. ಪ್ಯಾಲೆಟ್ ಫೋರ್ಕಿನ ಪಿವಟ್ ಒಣಗಿಯೇ ಇರಲಿ.

ಹೊಸ ಮೇನ್‌ಸ್ಪ್ರಿಂಗ್ ಹಾಕಿದ ಮೇಲೆ ಪೂರ್ತಿ ಕೀ ಕೊಟ್ಟಾಗ ಮಾತ್ರ ಕುದುರೆ ಓಡಿದಂಥ ಸದ್ದು ಬಂದು ಗಡಿಯಾರ ಓಡಿಹೋದರೆ ಸ್ಪ್ರಿಂಗ್ ಬಲ ಜಾಸ್ತಿಯಾಗಿದೆ. ಬ್ಯಾಲೆನ್ಸ್ 330 ಡಿಗ್ರಿ ದಾಟಿ ಫೋರ್ಕಿನ ಹಿಂಬದಿಗೆ ಗುದ್ದುತ್ತಿದೆ. ತೆಳು ಸ್ಪ್ರಿಂಗ್ ಹಾಕಿ.

ಪೆಟ್ಟು ಬಿದ್ದು ನಿಂತದ್ದು

ಇಂಕಾಬ್ಲಾಕ್‌ನಂಥ ಪೆಟ್ಟು ತಡೆಯುವ ವ್ಯವಸ್ಥೆ ಬಂದದ್ದು 1930ರ ದಶಕದಲ್ಲಿ. ಅದಕ್ಕೂ ಹಳೆಯ ಮೂವ್‌ಮೆಂಟಿನಲ್ಲಿ ಸುಮಾರು 0.1 ಮಿ.ಮೀ. ದಪ್ಪದ ಪಿವಟ್ ನೇರವಾಗಿ ಕಲ್ಲಿನ ಮೇಲೆ ನಿಂತಿರುತ್ತದೆ, ಬಾಗಿಲಿನ ಚೌಕಟ್ಟಿಗೆ ಕೈ ತಾಗಿದರೂ ಸಾಕು. ಬ್ಯಾಲೆನ್ಸ್ ಓರೆಯಾಗಿ ತೂಗಿದರೆ, ಡಯಲ್ ಮೇಲಿದ್ದಾಗ ಓಡಿ ಕೆಳಗಾದಾಗ ನಿಂತರೆ, ಸ್ಟಾಫ್ (ಬ್ಯಾಲೆನ್ಸಿನ ಅಕ್ಷ) ಬದಲಿಸಬೇಕು. ಬ್ಯಾಲೆನ್ಸ್ ನೆಟ್ಟಗಿದ್ದೂ ಒಂದೇ ಬದಿಗೆ ಅಂಟಿಕೊಂಡು, ತಳ್ಳಿದರೆ ಅಲ್ಲಿಗೇ ಮರಳಿದರೆ ಏನೂ ಮುರಿದಿಲ್ಲ: ರೋಲರ್ ಕಲ್ಲು (ಫೋರ್ಕಿನ ಕವಲಿಗೆ ಸಿಕ್ಕುವ ಬ್ಯಾಲೆನ್ಸಿನ ಪುಟ್ಟ ಕಲ್ಲು) ಫೋರ್ಕಿನ ತಪ್ಪು ಬದಿಗೆ ಹೋಗಿದೆ. ಬ್ಯಾಲೆನ್ಸ್ ಎತ್ತಿ ಮತ್ತೆ ಕೂರಿಸಿದರೆ ಓಡುತ್ತದೆ. ಎರಡನೇ ಸಲವೂ ಹಾಗಾದರೆ ಹಾಗಾಗದಂತೆ ಕಾಯುವ ಫೋರ್ಕಿನ ಗಾರ್ಡ್ ಪಿನ್ ಗಿಡ್ಡವಾಗಿದೆ ಎಂದರ್ಥ.

ಟೈಮ್‌ಗ್ರಾಫರ್ ಸರಿ, ಮುಳ್ಳು ಹಿಂದೆ

ಕ್ಯಾನನ್ ಪಿನಿಯನ್ ಸಡಿಲವಾಗಿದೆ. ಸೆಕೆಂಡು ಮುಳ್ಳು ಹತ್ತು ಸುತ್ತು ಹೊಡೆಯುವಷ್ಟರಲ್ಲಿ ನಿಮಿಷದ ಮುಳ್ಳು ಸರಿಯಾಗಿ ಹತ್ತು ಗೆರೆ ಸರಿಯಬೇಕು. ಹಿಂದೆ ಬಿದ್ದರೆ, ಪಿನಿಯನ್ ತೆಗೆದು, ಒಳಗೆ ಸರಿಹೊಂದುವ ಉಕ್ಕಿನ ತಂತಿ ಇಟ್ಟು, ಹಳೆಯ ಕಚ್ಚಿನ ಮೇಲೆಯೇ ಹಗುರಾಗಿ ಒತ್ತಿ. ತಂತಿ ಇಡದೆ ಒತ್ತಿದರೆ ಚಪ್ಪಟೆಯಾಗುತ್ತದೆ.

ಬೆವರು, ತೇವ

ಜೇಬುಗಡಿಯಾರದ ಉಕ್ಕಿನ ಭಾಗಗಳು ಬೆವರು ಕಂಡವಲ್ಲ. ಮಂಗಳೂರು, ಕಾರವಾರದ ಸೆಕೆಯಲ್ಲಿ ಮೊದಲು ತುಕ್ಕು ಹಿಡಿಯುವುದು ಸ್ಟೆಮ್ ಮತ್ತು ಅದರ ಸುತ್ತಲ ಚಕ್ರಗಳಿಗೆ. ಗಡಿಯಾರವನ್ನು 40 ಡಿಗ್ರಿ ಸೆಲ್ಸಿಯಸ್‌ಗೆ ಬೆಚ್ಚಗೆ ಮಾಡಿ, ಗಾಜಿನ ಮೇಲೆ ತಣ್ಣೀರಿನ ಹನಿ ಇಟ್ಟು ಒಂದು ನಿಮಿಷದ ನಂತರ ಒರೆಸಿ. ಒಳಗಡೆ ಮಂಜು ಕಟ್ಟಿದ್ದರೆ ತೇವ ಸೇರಿದೆ, ಅಂದೇ ಬಿಚ್ಚಿ. ಕ್ರೌನಿನ ಒಳಗಿನ ರಬ್ಬರ್ ಗ್ಯಾಸ್ಕೆಟ್ ವರ್ಷಕ್ಕೊಮ್ಮೆ ಬದಲಿಸಿ.

ಕೊನೆಗೆ ರೆಗ್ಯುಲೇಟರ್

ಮೇಲಿನ ಯಾವುದೂ ಉಳಿದಿಲ್ಲ ಎಂದಾದ ಮೇಲೆಯೇ ರೆಗ್ಯುಲೇಟರ್ ಮುಟ್ಟಿ. ಮೂರು ದಿನ ಕೈಗೆ ಕಟ್ಟಿ, ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ಕೀ ಕೊಟ್ಟು, ಕಟ್ಟುವಾಗ ಒಮ್ಮೆ ಬಿಚ್ಚುವಾಗ ಒಮ್ಮೆ ವ್ಯತ್ಯಾಸ ಬರೆಯಿರಿ. ಹಗಲು ಎಷ್ಟು, ರಾತ್ರಿ ಎಷ್ಟು ಎಂದು ಬೇರೆ ಬೇರೆ ಗೊತ್ತಾಗುತ್ತದೆ. ಅರ್ಧ ಗೆರೆಯಷ್ಟು ಸರಿಸಿ, ಮತ್ತೆ ಮೂರು ದಿನ ನೋಡಿ. ಹಗಲು ಏಳೆಂಟು ಸೆಕೆಂಡು ಹಿಂದೆ ಬೀಳುವ ಗಡಿಯಾರವನ್ನು ರಾತ್ರಿ ಅದು ಮುಂದೆ ಓಡುವ ಭಂಗಿಯಲ್ಲಿ, ಹೆಚ್ಚಾಗಿ ಮಲಗಿಸಿ ಅಥವಾ ಕ್ರೌನ್ ಮೇಲಾಗಿ ಒರಗಿಸಿ ಇಟ್ಟರೆ ಬೆಳಗಾಗುವಷ್ಟರಲ್ಲಿ ಲೆಕ್ಕ ಸರಿಹೋಗುತ್ತದೆ. ಯಾವ ಭಂಗಿ ಎಂಬುದು ನೀವು ಬರೆದಿಟ್ಟ ಆರು ಅಂಕಿಗಳಲ್ಲೇ ಇದೆ.